ಹೆಸರು ಬದಲಿಸಲಾಗಿದೆ

ಶಂಕರನ ಬಲಗೈಯ ಮೂರು ಬೆರಳು ಹೋದದ್ದು ಪವರ್ ಪ್ರೆಸ್ಸಿನ ಕೆಳಗೆ. ಕಾಗದದ ಪ್ರಕಾರ ಹೋದದ್ದು ಊರಿನಲ್ಲಿ, ಮೇವು ಕತ್ತರಿಸುವ ಯಂತ್ರದಲ್ಲಿ.

ಶಂಕರನಿಗೆ ಊರಿರಲಿಲ್ಲ. ಎಮ್ಮೆಯೂ ಇರಲಿಲ್ಲ. ಮೇವು ಕತ್ತರಿಸುವ ಯಂತ್ರವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದುಂಟು, ಅಷ್ಟೆ. ಅವನು ಹುಟ್ಟಿದ್ದು ದೆಹಲಿಯಲ್ಲಿ, ಕೇಂದ್ರ ಸರ್ಕಾರದ ಒಬ್ಬ ಸಾಹೇಬರ ಬಂಗಲೆಯ ಹಿಂದಿದ್ದ ಆಳುಗಳ ಕೋಣೆಯಲ್ಲಿ. ಸಾಹೇಬರು ಕೋಲಾರದ ಕಡೆಯವರು. ಕಕ್ಕಸು ತೊಳೆಯಲು, ಕಾರು ಒರೆಸಲು, ನಾಯಿ ಓಡಾಡಿಸಲು ಅವನ ಅಪ್ಪ ನಾರಾಯಣಸ್ವಾಮಿಯನ್ನು ಹೊಲಗೇರಿಯಿಂದ ಕರೆತಂದಿದ್ದರು. ಪರಸ್ಥಳದಲ್ಲಿ ಕನ್ನಡ ಮಾತಾಡುವ ಆಳು ಬೇಕಿತ್ತಂತೆ. ಅಡುಗೆಮನೆಗೆ ಕಾಲಿಡದಿದ್ದರೆ ಜಾತಿ ಯಾವುದಾದರೂ ನಡೆಯುತ್ತಿತ್ತು. ಅಪ್ಪನ ಲೋಟ ಹಿತ್ತಲ ನಲ್ಲಿಯ ಮೇಲಿನ ಗೂಡಿನಲ್ಲಿರುತ್ತಿತ್ತು, ಶಂಕರನ ಲೋಟ ಅದರ ಪಕ್ಕದಲ್ಲಿ. ‘ನಿನ್ನ ಮಗನಿಗೆ ಪ್ಯೂನ್ ಕೆಲಸ ಕೊಡಿಸ್ತೀನಿ ಕಣೋ’ ಎಂದು ಹದಿನೈದು ವರ್ಷ ಹೇಳಿದ ಸಾಹೇಬರು ನಿವೃತ್ತರಾಗಿ ಬೆಂಗಳೂರಿಗೆ ಹೊರಟರು. ಹೋಗುವಾಗ ನಾಯಿಯನ್ನು ಜೊತೆಗೆ ಕರೆದುಕೊಂಡು ಹೋದರು.

ಅಪ್ಪ ಸತ್ತ ಮೇಲೆ ಶಂಕರ ಫರೀದಾಬಾದಿಗೆ ಬಂದು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಸೇರಿದ. ಮುನ್ನೂರು ಜನ ಕೆಲಸಗಾರರು. ಬಿಹಾರದವರು, ಉತ್ತರಪ್ರದೇಶದವರು, ಒಂದಿಷ್ಟು ಬಂಗಾಳದವರು. ಕರ್ನಾಟಕದವನು ಇವನೊಬ್ಬನೇ. ಎಲ್ಲರೂ ಮದ್ರಾಸಿ ಎಂದು ಕರೆದರು. ಅಪ್ಪ ಇಟ್ಟ ಹೆಸರು ಮೊದಲ ವಾರದಲ್ಲೇ ಸತ್ತುಹೋಯಿತು.

ಕೆಲಸ ಹೇಳಲು ಸುಲಭ. ತಗಡು ಇಡು, ಪೆಡಲು ತುಳಿ, ತೆಗೆ. ಪಾಳಿಗೆ ಐದು ಸಾವಿರ ಸಲ. ಐದು ಸಾವಿರ ಸಲ ಕೈ ಅಚ್ಚಿನೊಳಗೆ ಹೋಗಬೇಕು, ಐದು ಸಾವಿರ ಸಲ ಹೊರಗೆ ಬರಬೇಕು. ಕೈ ಬಂದ ಮೇಲೆ ಪ್ರೆಸ್ಸು ಬೀಳಬೇಕು. ತಗಡಿನ ಅಂಚು ಅಂಗೈಯನ್ನು ಕೊಯ್ಯುತ್ತದೆ. ಎಣ್ಣೆ ಆ ಗಾಯದೊಳಗೆ ಹೋಗಿ ಕುಳಿತುಕೊಳ್ಳುತ್ತದೆ. ಬಲಗಾಲಿನ ಮೀನಖಂಡ ಕಲ್ಲಾಗುತ್ತದೆ. ಮನೆಗೆ ಹೋದ ಮೇಲೆ ಹೆಂಡತಿ ಸುಶೀಲಾ ಎರಡು ಸಲ ಕೂಗಿದರೂ ಕೇಳುತ್ತಿರಲಿಲ್ಲ, ಕಿವಿಯೊಳಗೆ ಪ್ರೆಸ್ಸು ಇನ್ನೂ ಬೀಳುತ್ತಲೇ ಇರುತ್ತಿತ್ತು.

ಕೈ ಒಳಗಿದ್ದಾಗ ಪ್ರೆಸ್ಸು ಬೀಳಬಾರದೆಂದು ಮುಂದೆ ಒಂದು ಕಬ್ಬಿಣದ ಜಾಲರಿ ಇತ್ತು. ಜಾಲರಿ ಇದ್ದರೆ ಐದು ಸಾವಿರ ಆಗುವುದಿಲ್ಲ, ಮೂರು ಸಾವಿರಕ್ಕೆ ನಿಲ್ಲುತ್ತದೆ. ಕೂಲಿಯಾಳುಗಳನ್ನು ಒದಗಿಸುವ ಠೇಕೇದಾರ ಸತಬೀರ್ ಒಂದು ಸೋಮವಾರ ಸ್ಪ್ಯಾನರ್ ಹಿಡಿದು ಬಂದು ಹನ್ನೆರಡು ಪ್ರೆಸ್ಸುಗಳ ಜಾಲರಿಯನ್ನೂ ಬಿಚ್ಚಿ ಗುಜರಿಗೆ ಎಸೆದ. ಮಾಲೀಕರು ಪಕ್ಕದಲ್ಲೇ ಇದ್ದರು. ಬಿಳಿ ಷರಟಿಗೆ ಎಣ್ಣೆ ಹಾರದಂತೆ ಒಂದು ಹೆಜ್ಜೆ ಹಿಂದೆ ನಿಂತಿದ್ದರು.

ಅದು ಎರಡು ಸಾವಿರದ ನಾಲ್ಕನೇ ಇಸವಿಯ ಮೇ ತಿಂಗಳು. ಶಂಕರ ಕೂರುತ್ತಿದ್ದ ಹನ್ನೊಂದನೇ ಪ್ರೆಸ್ಸು ಒಂದು ಸಲ ತುಳಿದರೆ ಎರಡು ಸಲ ಬೀಳಲು ಶುರುಮಾಡಿತ್ತು. ಅವನು ಹೋಗಿ ಹೇಳಿದ. ‘ಕೈ ಬೇಗ ತೆಗಿ’ ಎಂದ ಸತಬೀರ್. ಮಾರನೆಯ ದಿನ ಮಧ್ಯಾಹ್ನ ಶಂಕರ ಬೇಗ ತೆಗೆದ. ಪ್ರೆಸ್ಸು ಇನ್ನೂ ಬೇಗ ಬಿತ್ತು.

ಮೊದಲು ನೋವಾಗಲಿಲ್ಲ, ಬಿಸಿಯಾಯಿತು. ಕೈ ಎತ್ತಿದರೆ ಕೈ ಹಗುರವಾಗಿತ್ತು. ಮೂರು ಬೆರಳು ತಗಡಿನ ಜೊತೆ ಅಚ್ಚಾಗಿ ಅಲ್ಲೇ ಉಳಿದಿದ್ದವು. ಸತಬೀರ್ ಓಡಿ ಬಂದವನು ಬಗ್ಗಿ ನೋಡಿದ್ದು ಅಚ್ಚನ್ನು. ‘ಒಡೆದಿಲ್ಲ’ ಎಂದು ಸಮಾಧಾನದಿಂದ ಉಸಿರು ಬಿಟ್ಟ. ಆಮೇಲೆ ಶಂಕರನ ಕಡೆ ತಿರುಗಿದ. ಸೀಮೆಎಣ್ಣೆ ಹಾಕಿ ಅಚ್ಚು ತೊಳೆದರು. ಶಂಕರನನ್ನು ಜೀಪಿಗೆ ಹತ್ತಿಸುವ ಹೊತ್ತಿಗೆ ಹನ್ನೊಂದನೇ ಪ್ರೆಸ್ಸಿನ ಮುಂದೆ ಲಲ್ಲನ್ ಎಂಬ ಬಿಹಾರದವನು ಕೂತಾಗಿತ್ತು, ಕೆಲಸ ನಡೆದಿತ್ತು.

ಅವನಿಗೆ ಸರ್ಕಾರಿ ವಿಮೆಯ ಕಾರ್ಡು ಮಾಡಿಸಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ. ಆದ್ದರಿಂದ ಒಂದು ಖಾಸಗಿ ಕ್ಲಿನಿಕ್ಕಿಗೆ ಒಯ್ದರು. ಸೂಜಿಯ ಮಂಪರಿನಲ್ಲಿದ್ದಾಗ ಯಾರೋ ಎಡಗೈಯ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿಕೊಂಡರು. ಆ ಕಾಗದದಲ್ಲೇ ಮೇವಿನ ಯಂತ್ರ ಇದ್ದದ್ದು. ಎರಡು ತಿಂಗಳ ನಂತರ ಸತಬೀರ್ ಹೇಳಿದ, ‘ಬಾಯಿ ಮುಚ್ಕೊಂಡಿದ್ರೆ ಪೊರಕೆ ಕೆಲಸ ಇದೆ.’ ಶಂಕರ ಬಾಯಿ ಮುಚ್ಚಿಕೊಂಡ. ಒಂದೂವರೆ ಕೈಯಲ್ಲಿ ತಗಡಿನ ಚೂರು ಗುಡಿಸಿದ, ಬುಟ್ಟಿ ಹೊತ್ತ, ಕೆಲಸಗಾರರು ಕುಡಿಯುವ ಮಣ್ಣಿನ ಮಟ್ಕಾಗೆ ನೀರು ತುಂಬಿದ. ಎರಡು ವರ್ಷ ಹೀಗೇ ಹೋಯಿತು.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಅಪೂರ್ವ ಬಂದಳು. ದಕ್ಷಿಣ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯ ಹುಡುಗಿ, ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಇಂದಿರಾಪುರಂನ ಎತ್ತರದ ಕಟ್ಟಡದಲ್ಲಿ ಮನೆ. ಕಾರ್ಖಾನೆಗಳಲ್ಲಿ ಕೈ ಕಳೆದುಕೊಂಡವರ ಬಗ್ಗೆ ಅಧ್ಯಯನ. ಓಣಿಯಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುತ್ತಿದ್ದಳು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಶಂಕರನೂ ‘ಊರಲ್ಲಿ ಮೇವಿನ ಯಂತ್ರ’ ಎಂದು ಹಿಂದಿಯಲ್ಲಿ ಪಾಠ ಒಪ್ಪಿಸಿದ. ಅವಳು ಬರೆದುಕೊಂಡು ಏಳುವಷ್ಟರಲ್ಲಿ ಫೋನು ಬಂತು. ‘ಅಮ್ಮಾ, ಆಮೇಲೆ ಮಾಡ್ತೀನಿ, ಊಟ ಆಯ್ತು’ ಎಂದಳು.

ಶಂಕರ ಎದ್ದು ನಿಂತ. “ನೀವು ಕನ್ನಡದೋರಾ ಮೇಡಂ?”

ಅಷ್ಟೆ. ಎರಡು ವರ್ಷ ಮುಚ್ಚಿದ್ದ ಬಾಯಿಯ ಕಟ್ಟು ಬಿಚ್ಚಿಹೋಯಿತು. ಸುಶೀಲಾ ಟೀ ಮಾಡಿ ಕೊಟ್ಟಳು. ಅಪೂರ್ವ ಅವರ ಮನೆಯ ಲೋಟದಲ್ಲಿ, ಅವರ ಚಾಪೆಯ ಮೇಲೆ ಕೂತು ಕುಡಿದಳು. ಕನ್ನಡದ ದೊಡ್ಡ ಮನೆಯವರೊಬ್ಬರು ತನ್ನ ಮನೆಯ ಲೋಟಕ್ಕೆ ತುಟಿ ಇಟ್ಟದ್ದನ್ನು ಶಂಕರ ಆವತ್ತೇ ಮೊದಲು ನೋಡಿದ್ದು. ಒಂದು ಲೋಟ ಟೀಗೆ ಅವನು ತನ್ನ ಜೀವವನ್ನೇ ಒತ್ತೆ ಇಟ್ಟ. ಹನ್ನೊಂದನೇ ಪ್ರೆಸ್ಸು, ಜಾಲರಿ, ಸ್ಪ್ಯಾನರು, ಬಿಳಿ ಷರಟಿನ ಮಾಲೀಕರು, ಹೆಬ್ಬೆಟ್ಟು, ಎಲ್ಲ ಹೇಳಿದ. ಮೂರು ಗಂಟೆ ಹೇಳಿದ. ಜಾತಿ ಕೇಳಿದಳು, ಅದನ್ನೂ ಹೇಳಿದ. ಕಾರ್ಖಾನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಕೊನೆಗೆ ಅವಳು ಕೈಯ ಫೋಟೋ ತೆಗೆದುಕೊಳ್ಳಲಾ ಎಂದಳು. ಮುಖ ಬರುವುದಿಲ್ಲ ಎಂದಳು. ಅವನು ಕೈ ಚಾಚಿದ.

“ನನ್ನ ಹೆಸರು ಹೊರಗೆ ಬಂದ್ರೆ ಕೊಂದ್ಹಾಕ್ತಾರೆ ಮೇಡಂ.”

“ಹೆಸರು ಬದಲಾಯಿಸ್ತೀವಿ ಶಂಕರ್. ಎಲ್ಲ ಕಾನ್ಫಿಡೆನ್ಷಿಯಲ್. ನಾನು ಮಾತು ಕೊಡ್ತೀನಿ,” ಎಂದಳು ಅಪೂರ್ವ.

ಅವಳು ಹೋದ ಮೇಲೆ ಸುಶೀಲಾ ಲೋಟ ತೊಳೆಯುತ್ತಾ ಕೇಳಿದಳು, “ಕನ್ನಡ ಮಾತಾಡಿದ ತಕ್ಷಣ ನಮ್ಮೋರು ಆಗಿಬಿಡ್ತಾರಾ? ನಮ್ಮಮ್ಮ ಶಾರದಮ್ಮ ಇಪ್ಪತ್ತು ವರ್ಷ ಕನ್ನಡದೋರ ಮನೇಲೇ ಪಾತ್ರೆ ತಿಕ್ಕಿದ್ದು. ಬೈಗುಳಾನೂ ಕನ್ನಡದಲ್ಲೇ ಬೀಳ್ತಿತ್ತು.”

ಶಂಕರ ಚಾಪೆ ಸುತ್ತಿಟ್ಟ. ಆವತ್ತು ಅವನ ಎದೆ ಹಗುರಾಗಿತ್ತು.

ಅಪೂರ್ವ ಮಾತು ತಪ್ಪಲಿಲ್ಲ. ಹೆಸರು ಬದಲಾಯಿಸಿದಳು. ವರದಿಯಲ್ಲಿ ಅವನು ‘ಪ್ರಕರಣ ಹದಿನಾಲ್ಕು, ಸುರೇಶ, ಹೆಸರು ಬದಲಿಸಲಾಗಿದೆ’. ಮುಂದಿನ ಸಾಲು, ‘ಮೂವತ್ತೊಂದು ವರ್ಷದ ಈ ಪರಿಶಿಷ್ಟ ಜಾತಿಯ ಕಾರ್ಮಿಕ ಕರ್ನಾಟಕ ಮೂಲದವನು. ಬಲಗೈಯ ಮೂರು ಬೆರಳು ಕಳೆದುಕೊಂಡು ಅದೇ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾನೆ.’ ಮುನ್ನೂರು ಜನರಲ್ಲಿ ಒಬ್ಬನೇ ಮದ್ರಾಸಿ, ಅವನ ಕೈಯಲ್ಲೇ ಪೊರಕೆ. ಇನ್ನು ಮನೆಯ ದಾರಿಯೊಂದನ್ನು ಬರೆದಿದ್ದರೆ ಮುಗಿಯುತ್ತಿತ್ತು. ಇಷ್ಟು ಓದಿದವರಿಗೆ ಇದು ಹೊಳೆಯಲಿಲ್ಲ. ಕರ್ನಾಟಕದವರು ಎಂದರೆ ಅವರಿಗೆ ದೆಹಲಿಯ ಕನ್ನಡ ಸಂಘದ ಸಭಾಂಗಣ ತುಂಬುವಷ್ಟು ಜನ. ಫರೀದಾಬಾದಿನ ಒಂದು ಶೆಡ್ಡಿನಲ್ಲಿ ಅದು ಒಬ್ಬನ ಹಣೆಬರಹ.

ಅಚ್ಚಿಗೆ ಮುಂಚೆ ವರದಿಯ ಕರಡನ್ನು ಅಭಿಪ್ರಾಯಕ್ಕಾಗಿ ಕಾರ್ಖಾನೆ ಮಾಲೀಕರ ಸಂಘಕ್ಕೂ ಕಳಿಸಿದರು. ಸಂಸ್ಥೆಯ ನಿರ್ದೇಶಕ ಡಾಕ್ಟರ್ ಚಿದಂಬರ ಅದನ್ನು ಎಲ್ಲ ಪಕ್ಷದವರನ್ನೂ ಒಳಗೊಳ್ಳುವುದು ಎನ್ನುತ್ತಿದ್ದರು. ಸಂಘದ ಕಾರ್ಯದರ್ಶಿ ಯಾರೆಂದರೆ ಅದೇ ಬಿಳಿ ಷರಟಿನ ಮಾಲೀಕರು.

ಆಮೇಲೊಂದು ಮಂಗಳವಾರ ಊಟದ ಹೊತ್ತಿನಲ್ಲಿ ಸತಬೀರ್ ಇಬ್ಬರನ್ನು ಕರೆದುಕೊಂಡು ಪ್ರೆಸ್ ಶೆಡ್ಡಿಗೆ ಬಂದ. ಕೈಯಲ್ಲಿ ಎರಡು ಹಾಳೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಆಫೀಸಿನ ಗುಮಾಸ್ತ ಓದಿ ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹನ್ನೊಂದನೇ ಪ್ರೆಸ್ಸಿನ ಮುಂದೆ ರೊಟ್ಟಿ ಬಿಚ್ಚಿ ಕೂತಿದ್ದ ಲಲ್ಲನ್‌ಗೆ ‘ಎದ್ದೇಳು’ ಎಂದ. ಲಲ್ಲನ್ ರೊಟ್ಟಿ ಮಡಚಿಕೊಂಡು ನೆಲ ನೋಡುತ್ತಾ ಹೊರಗೆ ಹೋದ. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವನಿಗೆ ಹತ್ತೂ ಬೆರಳಿದ್ದವು, ಅವು ಬೇಕಿದ್ದವು.

“ಅಬೇ ಮದ್ರಾಸಿ, ನಿನ್ನ ಹೆಸರು ಸುರೇಶ ಅಂತೆ?” ಎಂದ ಸತಬೀರ್.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಹೊಟ್ಟೆಗೆ. ಶಂಕರ ತಾನೇ ಗುಡಿಸಿ ಗುಡ್ಡೆ ಮಾಡಿದ್ದ ತಗಡಿನ ಚೂರುಗಳ ಮೇಲೆ ಬಿದ್ದ. ಚೂರುಗಳು ಬೆನ್ನಿಗೆ ನಾಟಿದವು. ಒಬ್ಬ ಅವನ ಎದೆಯ ಮೇಲೆ ಕಾಲಿಟ್ಟು ಆ ಕಡೆ ಈ ಕಡೆ ತಿರುವಿದ. ಇನ್ನೊಬ್ಬ ಕೂದಲು ಹಿಡಿದು ತಲೆ ಎತ್ತಿಸಿದ.

“ಜಾತೀನೂ ಮುಚ್ಚಿಟ್ಟಿದ್ದೆ. ಎರಡು ವರ್ಷ ನಮ್ಮ ಮಟ್ಕಾಗೆ ಕೈ ಹಾಕಿದೀಯ,” ಎಂದು ಸತಬೀರ್ ಬಾಯಿಗೇ ಉಗಿದ. ಮಟ್ಕಾ ತಂದು ಅವನ ತಲೆಯ ಮೇಲೆ ಒಡೆದರು. ನೀರು, ರಕ್ತ, ಎಣ್ಣೆ ಮೂರೂ ಕಣ್ಣಿಗೆ ಇಳಿದವು.

ಆಮೇಲೆ ಎತ್ತಿ ನಿಲ್ಲಿಸಿದರು. ಅವನ ಎಡಗೈ ಹಿಡಿದು ಹನ್ನೊಂದನೇ ಪ್ರೆಸ್ಸಿನ ಅಚ್ಚಿನೊಳಗೆ ಇಟ್ಟರು. ಯಂತ್ರದ ಚಕ್ರ ತಿರುಗುತ್ತಿತ್ತು. ಸತಬೀರ್ ಪೆಡಲಿನ ಮೇಲೆ ಬೂಟು ಇಟ್ಟ. ಒತ್ತಲಿಲ್ಲ. ಇಟ್ಟುಕೊಂಡು ಬೀಡಿ ಹಚ್ಚಿದ. ಶಂಕರ ಉಚ್ಚೆ ಹೊಯ್ದುಕೊಂಡ. ಅವರು ನಕ್ಕರು. ಅವನು ದೇವರನ್ನು ಕರೆಯಲಿಲ್ಲ. ‘ಡಬಲ್ ಬೀಳುತ್ತೆ ಭಯ್ಯಾ, ಡಬಲ್ ಬೀಳುತ್ತೆ’ ಎಂದಷ್ಟೇ ಗೋಗರೆದ. ಪೆಡಲು ಒತ್ತದಿದ್ದರೂ ಆ ಯಂತ್ರ ಬೀಳಬಹುದೆಂದು ಅವನ ಬಲಗೈಗೆ ಗೊತ್ತಿತ್ತು.

ಬೀಡಿ ಮುಗಿಯಿತು. “ತೆಗೀರಿ,” ಎಂದ ಸತಬೀರ್. “ಪ್ರೆಸ್ಸಿನಲ್ಲಿ ಹೋದ್ರೆ ಇನ್ನೊಂದು ವರದಿ ಬರೀತಾರೆ. ಸರಳಿನಲ್ಲಿ ಹೋದ್ರೆ ಬರೀ ಜಗಳ.”

ಕೈಯನ್ನು ಮೇಜಿನ ಅಂಚಿಗೆ ಇಟ್ಟು ಕಬ್ಬಿಣದ ಸರಳಿನಿಂದ ಹೊಡೆದರು. ಮೂರನೇ ಏಟಿಗೆ ಮಣಿಕಟ್ಟು ಮುರಿಯಿತು. ಆ ಸದ್ದು ಶಂಕರನಿಗೆ ಸ್ಪಷ್ಟವಾಗಿ ಕೇಳಿಸಿತು.

ಈ ಸಲ ಸರ್ಕಾರಿ ಆಸ್ಪತ್ರೆಗೆ ಸುಶೀಲಾನೇ ಒಯ್ದಳು. ಆಟೋದವನು ರಕ್ತ ನೋಡಿ ಬೇಡ ಎಂದ. ಅವಳು ತನ್ನ ಸೀರೆಯನ್ನು ಸೀಟಿಗೆ ಹಾಸಿ, ಲಂಗದ ಮೇಲೆ ಶಾಲು ಸುತ್ತಿಕೊಂಡು ಕೂತಳು. ಪೊಲೀಸರು ಬಂದು ಕೇಳಿಕೊಂಡರು, ಕಾರ್ಖಾನೆಗೆ ಹೋಗಿ ಟೀ ಕುಡಿದರು. ಎರಡು ವರ್ಷ ಹಿಂದೆ ಮೇವಿನ ಯಂತ್ರಕ್ಕೆ ಕೈ ಕೊಟ್ಟವನು, ಈಗ ಕುಡಿದು ಜಗಳ ಮಾಡಿದ್ದಾನೆ, ಬಿಡಿ ಎಂದು ಅಲ್ಲಿ ಹೇಳಿದರಂತೆ. ಹೆಬ್ಬೆಟ್ಟಿನ ಕಾಗದವನ್ನೂ ತೋರಿಸಿದರಂತೆ. ಎರಡು ಕೈಯೂ ಇಲ್ಲದ ಗಂಡನಿಗೆ ಸುಶೀಲಾ ತುತ್ತು ಇಟ್ಟಳು, ಹಲ್ಲುಜ್ಜಿದಳು, ಕುಂಡೆ ತೊಳೆದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ತೊಳೆಸಿಕೊಂಡ.

ನಾಲ್ಕನೇ ದಿನ ಆಸ್ಪತ್ರೆಗೆ ಅಪೂರ್ವ ಬಂದಳು. ಜೊತೆಗೆ ಚಿದಂಬರ. ಬೆಳ್ಳನೆಯ ಗಡ್ಡ, ಖಾದಿ ಕುರ್ತಾ, ಮೆಲು ದನಿ. ಅವರೂ ಕನ್ನಡದವರೇ. ಅಪೂರ್ವ ಬಂದವಳೇ ಅಳತೊಡಗಿದಳು. ಸುಶೀಲಾ ಸ್ವಲ್ಪ ಹೊತ್ತು ನೋಡಿದಳು.

“ಮೇಡಂ, ನಿಮ್ಮ ಅಳು ಮುಗಿದ ಮೇಲೆ ಹೇಳಿ. ಅವರಿಗೆ ಮಾತಾಡೋದಿದೆ.”

ಶಂಕರ ಚಿದಂಬರರನ್ನು ನೋಡಿ ಹೇಳಿದ, “ಸರ್, ನಿಮ್ಮ ಪುಸ್ತಕದಲ್ಲಿ ನನ್ನ ಹೆಸರು ಹಾಕಿ. ಶಂಕರ, ತಂದೆ ನಾರಾಯಣಸ್ವಾಮಿ. ಕಾರ್ಖಾನೆ ಹೆಸರು ಹಾಕಿ. ಸತಬೀರ್ ಹೆಸರು, ಮಾಲೀಕನ ಹೆಸರು ಹಾಕಿ. ನಂದು ಅಂತ ಇರೋ ಕಾಗದ ಒಂದೇ, ಅದು ಸುಳ್ಳು. ಇನ್ನೊಂದು ಕಾಗದ ಬೇಕು ನಂಗೆ.”

“ಅದು ಆಗೋಲ್ಲಪ್ಪ,” ಎಂದರು ಚಿದಂಬರ. “ಸಂಶೋಧನೆಗೆ ಒಂದು ಧರ್ಮ ಇರತ್ತೆ. ಮಾಹಿತಿ ಕೊಟ್ಟವರ ಹೆಸರು ನಾವು ಹೇಳೋ ಹಾಗಿಲ್ಲ. ನಿಮ್ಮ ಸುರಕ್ಷತೆಗೋಸ್ಕರಾನೇ.”

“ಸುರಕ್ಷತೆ ಮುಗೀತಲ್ಲ ಸರ್.”

ಚಿದಂಬರ ಕುರ್ತಾದ ತೋಳು ಸರಿಮಾಡಿಕೊಂಡರು. ಆಮೇಲೆ, “ನಾವು ಯೋಚನೆ ಮಾಡಿದೀವಿ. ಪ್ರಕರಣ ಹದಿನಾಲ್ಕನ್ನ ವರದಿಯಿಂದ ಪೂರ್ತಿ ತೆಗೀತಿದೀವಿ. ಇನ್ಮೇಲೆ ನಿಮಗೆ ತೊಂದರೆ ಇಲ್ಲ,” ಎಂದರು.

ಶಂಕರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೇಳಿದ್ದಕ್ಕೆ ಕೈ ಮುರಿದಿತ್ತು. ಈಗ ಹೇಳಿದ್ದೂ ಇಲ್ಲ. ಉಳಿಯುವುದು ಮೇವಿನ ಯಂತ್ರವೊಂದೇ.

“ಎದ್ದು ಹೋಗಿ,” ಎಂದ. ಚಿದಂಬರ ಹಣ್ಣಿನ ಚೀಲ ಮಂಚದ ಮೇಲಿಟ್ಟರು. ಸುಶೀಲಾ ಅದನ್ನು ಎತ್ತಿ ಅಪೂರ್ವಳ ಕೈಗೆ ತುರುಕಿದಳು.

ಎರಡು ವಾರದ ನಂತರ ವರದಿಯ ಬಿಡುಗಡೆ. ತಾರೀಖು, ಜಾಗ ಅಪೂರ್ವಳೇ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದ್ದಳು. ಕ್ಷಮೆ ಕೇಳಲು ದಿನಕ್ಕೊಂದು ಸಲ ಫೋನು ಮಾಡುತ್ತಿದ್ದಳು. ಕ್ಷಮೆ ಕೇಳುವವರಿಗೆ ಬಿಡುವು ಜಾಸ್ತಿ. ಶಂಕರ ಮತ್ತು ಸುಶೀಲಾ ಬೆಳಿಗ್ಗೆಯೇ ಬಸ್ಸು ಹತ್ತಿ ಬದರ್‌ಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರು. ನೂಕುನುಗ್ಗಲಿನಲ್ಲಿ ಅವನ ಪ್ಲಾಸ್ಟರು ಕೈಗೆ ಯಾರೂ ತಾಗದಂತೆ ಅವಳು ಮೊಣಕೈ ಅಗಲಿಸಿಕೊಂಡು ನಿಂತಿದ್ದಳು. ಯಾವುದಕ್ಕೆ ಹೋಗುತ್ತಿದ್ದೇವೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಚಿದಂಬರರನ್ನು ಇನ್ನೊಂದು ಸಲ ಕೇಳಬೇಕು, ಅಷ್ಟೇ ಶಂಕರನ ಮನಸ್ಸಿನಲ್ಲಿದ್ದದ್ದು.

ಸಭಾಂಗಣದ ಬಾಗಿಲಲ್ಲೇ ಅವನು ನಿಂತುಬಿಟ್ಟ.

ಗೋಡೆಯ ತುಂಬ ಕೈಗಳ ಫೋಟೋ. ಗಾಜು ಹಾಕಿಸಿ, ದೀಪ ಬಿಟ್ಟು, ಸಾಲಾಗಿ ನೇತುಹಾಕಿದ್ದರು. ಮೊಂಡು ಕೈ, ಹೆಬ್ಬೆಟ್ಟು ಮಾತ್ರ ಉಳಿದ ಕೈ, ಮಣಿಕಟ್ಟಿನಿಂದಲೇ ಇಲ್ಲದ ಕೈ. ಯಾವುದಕ್ಕೂ ಮುಖವಿಲ್ಲ. ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಅವನ ಕೈ. ಕೆಳಗೆ ‘ಒಂದು ಕೈ, ಫರೀದಾಬಾದ್’ ಎಂದು ಬರೆದಿತ್ತು. ಅವನ ಮಾತು ತೆಗೆದಿದ್ದರು. ಕೈ ಚೆನ್ನಾಗಿ ಬಂದಿದೆಯೆಂದು ಉಳಿಸಿಕೊಂಡಿದ್ದರು.

ಆ ಕೈಯ ಕೆಳಗೆ ಟೀ ಕಪ್ಪು ಹಿಡಿದು ಬಿಳಿ ಷರಟಿನ ಮಾಲೀಕರು ನಿಂತಿದ್ದರು. ಆವತ್ತಿನ ಮುಖ್ಯ ಅತಿಥಿ ಅವರೇ. ಚಿದಂಬರ ಏನೋ ವಿವರಿಸುತ್ತಿದ್ದರು, ಮಾಲೀಕರು ಫೋಟೋ ನೋಡುತ್ತಾ ತಲೆ ಆಡಿಸುತ್ತಿದ್ದರು. ಅವರ ಕಣ್ಣಿನಲ್ಲಿ ಮರುಕವಿತ್ತು. ನಿಜವಾದ ಮರುಕವೇ.

ಶಂಕರ ನೇರ ವೇದಿಕೆ ಹತ್ತಿದ. ಮೈಕು ಕಂಬದಲ್ಲಿರಲಿಲ್ಲ, ಮೇಜಿನ ಮೇಲಿತ್ತು. ಎತ್ತಲು ಹೋದ. ಬಲಗೈಯಲ್ಲಿ ಹಿಡಿಯಲು ಬೆರಳಿಲ್ಲ, ಎಡಗೈ ಪ್ಲಾಸ್ಟರಿನಲ್ಲಿ. ಮೈಕು ಜಾರಿ ಬಿದ್ದು ಕಿರುಚಿತು. ಸಭೆಯ ತಲೆಗಳೆಲ್ಲ ತಿರುಗಿದವು. ಹಿಂದೆಯೇ ಬಂದಿದ್ದ ಸುಶೀಲಾ ಅದನ್ನು ಎತ್ತಿ ಅವನ ಬಾಯಿಗೆ ಹಿಡಿದಳು.

“ನನ್ನ ಹೆಸರು ಶಂಕರ,” ಎಂದ ಹಿಂದಿಯಲ್ಲಿ. “ಆ ಗೋಡೆ ಮೇಲಿರೋ ಕೈ ನಂದು. ಅದರ ಕೆಳಗೆ ಟೀ ಕುಡೀತಿರೋನು ನನ್ನ ಮಾಲೀಕ. ಹನ್ನೊಂದನೇ ಪ್ರೆಸ್ಸಿನ ಜಾಲರಿ ತೆಗೆಸಿದ್ದು ಇವನು. ಬಿಚ್ಚಿದ್ದು ಸತಬೀರ್. ಬೆರಳು ಪ್ರೆಸ್ಸಿನಲ್ಲಿ ಹೋಯ್ತು, ಮೇವಿನ ಯಂತ್ರದಲ್ಲಲ್ಲ. ನಿಜ ಹೇಳಿದ್ದಕ್ಕೆ ಈ ಕೈ ಮುರಿದ್ರು. ನಿಜ ಹೇಳಿದ್ದು ಯಾರ ಹತ್ರ ಗೊತ್ತಾ? ಈ ಸಂಸ್ಥೆಯೋರ ಹತ್ರ.”

ಮೈಕಿನ ತಂತಿ ಕೀಳಲು ಯಾರೋ ಓಡಿದರು. ಇಬ್ಬರು ಕಾವಲುಗಾರರು ವೇದಿಕೆ ಹತ್ತಿದರು. ಒಬ್ಬ ಸುಶೀಲಾಳ ಜಡೆ ಹಿಡಿದು ಎಳೆದ. ಅವಳು ಮಂಡಿಯೂರಿ ಬಿದ್ದಳು, ಮೈಕು ಬಿಡಲಿಲ್ಲ. ಬಿದ್ದಲ್ಲಿಂದಲೇ ಕೈ ಎತ್ತಿ ಗಂಡನ ಬಾಯಿಗೆ ಹಿಡಿದಳು. ಇನ್ನೊಬ್ಬ ಶಂಕರನ ಕುತ್ತಿಗೆಗೆ ತೋಳು ಹಾಕಿ ಬಿಗಿದ. ಶಂಕರ ಆ ತೋಳನ್ನು ಕಚ್ಚಿದ. ಹಲ್ಲಿಗೆ ರಕ್ತ ಹತ್ತುವವರೆಗೆ ಕಚ್ಚಿದ. ಬಿಡಿಸಿಕೊಂಡು ಓಡಿ, ಮಾಲೀಕರನ್ನು ಭುಜದಿಂದ ತಳ್ಳಿ, ಪ್ಲಾಸ್ಟರು ಕೈಯಿಂದ ಆ ಫೋಟೋದ ಗಾಜಿಗೆ ಹೊಡೆದ. ಮುರಿದ ಮೂಳೆಯ ನೋವು ನೆತ್ತಿಗೇರಿತು. ಮತ್ತೆ ಹೊಡೆದ. ಗಾಜು ಚೂರಾಗಿ ಟೀ ಕಪ್ಪುಗಳ ಮೇಲೆ ಬಿತ್ತು. ಮಾಲೀಕರ ಷರಟಿಗೆ ಟೀ ಚೆಲ್ಲಿತು.

“ನನ್ನ ಕೈ ಇಳಿಸ್ರೋ,” ಎಂದು ಕನ್ನಡದಲ್ಲಿ ಕೂಗಿದ. “ಇಳಿಸ್ರೋ ಸೂಳೇಮಕ್ಳಾ.”

ಸುಶೀಲಾಳನ್ನು ಬಿಟ್ಟರೆ ಆ ಸಭೆಯಲ್ಲಿ ಅದು ಅರ್ಥವಾದದ್ದು ಅಪೂರ್ವ, ಚಿದಂಬರ ಇಬ್ಬರಿಗೆ. ಇಬ್ಬರೂ ನೆಲ ನೋಡಿದರು.

ಠಾಣೆಗೆ ತಂದಾಗ ಮಧ್ಯಾಹ್ನ ಮೂರು ಗಂಟೆ. ಶಂಕರನ ತುಟಿ ಒಡೆದಿತ್ತು, ಸುಶೀಲಾಳ ಜಡೆಯ ಕೂದಲು ಒಂದು ಹಿಡಿ ಕಿತ್ತು ಬಂದಿತ್ತು. ಸಂಸ್ಥೆಯ ಪರವಾಗಿ ಚಿದಂಬರರೇ ಸಹಿ ಹಾಕಿದ ದೂರು ಮೇಜಿನ ಮೇಲಿತ್ತು. ಠಾಣೆಯ ಬರಹಗಾರ ಮುನ್ಷಿ ಹಾಳೆಗಳ ನಡುವೆ ಕಾರ್ಬನ್ ಜೋಡಿಸಿದ. ಎದುರಿಗೆ ಸಬ್ ಇನ್‌ಸ್ಪೆಕ್ಟರ್.

“ಗಾಜು ಒಡೆದ, ಕಾವಲುಗಾರನಿಗೆ ಕಚ್ಚಿದ, ಕೂಗಾಡಿದ,” ಎಂದು ಓದಿದ ಮುನ್ಷಿ. “ಏನು ಕೂಗಾಡಿದೆ?”

ಶಂಕರ ತಲೆ ಎತ್ತಿದ. ಪ್ರಶ್ನೆ ಅವನೊಳಗೆ ನಿಧಾನವಾಗಿ ಇಳಿಯಿತು.

“ಕೂಗಿದ್ದನ್ನೂ ಬರೀತೀರಾ?”

“ಅಪರಾಧ ಬರೆಯೋವಾಗ ಪೂರ್ತಿ ಬರೀಬೇಕು.”

ಅವನು ಹೇಳಿದ. ಮುನ್ಷಿ ಬರೆದುಕೊಂಡ. ಎರಡು ಸಾವಿರದ ನಾಲ್ಕು, ಮೇ, ಹನ್ನೊಂದನೇ ಪ್ರೆಸ್ಸು, ಜಾಲರಿ. ಸತಬೀರ್ ಹೆಸರು ಬಂತು. ಮಾಲೀಕನ ಹೆಸರಿಗೆ ಬಂದಾಗ ಪೆನ್ನು ನಿಂತಿತು. ಅಷ್ಟರಲ್ಲಿ ಚಿದಂಬರ, ಅಪೂರ್ವ ಒಳಗೆ ಬಂದರು. ಚಿದಂಬರರ ಕೈಯಲ್ಲಿ ಫೋನಿತ್ತು. ‘ಹೌದು, ಹೌದು, ನಿಮ್ಮ ಹೆಸರು ದಾಖಲಾಗೋಲ್ಲ’ ಎಂದು ಇಂಗ್ಲಿಷಿನಲ್ಲಿ ಯಾರಿಗೋ ಹೇಳಿ ಮುಗಿಸಿದರು.

“ದೂರು ವಾಪಸ್ ತಗೋತಿದೀವಿ,” ಎಂದರು ಸಬ್ ಇನ್‌ಸ್ಪೆ‌ಕ್ಟರಿಗೆ. “ಮಾನವೀಯ ದೃಷ್ಟಿಯಿಂದ. ಬಡವ, ಪಾಪ.”

ಸಬ್ ಇನ್‌ಸ್ಪೆಕ್ಟರ್ ಕುರ್ಚಿಗೆ ಒರಗಿದ. “ಅಚ್ಛಾ. ರಾಜಿ ಅಂತ ಬರ್ಕೋ. ಕಾಲು ಜಾರಿ ಫೋಟೋ ಮೇಲೆ ಬಿದ್ದ, ಗಾಜು ಒಡೀತು. ಏನೂ ಕೂಗಿಲ್ಲ. ಇಬ್ಬರೂ ಒಪ್ಪಿದ್ದಾರೆ. ಚಲೋ, ಮನೆಗೆ ಹೋಗು.”

“ನಾನು ಒಪ್ಪಿಲ್ಲ,” ಎಂದ ಶಂಕರ.

“ಏನು?”

“ಕಾಲು ಜಾರಿಲ್ಲ. ಬೇಕಂತಲೇ ಒಡೆದೆ. ಬೇಕಂತಲೇ ಕಚ್ಚಿದೆ. ಬೇಕಂತಲೇ ಕೂಗಿದೆ. ಮಾಲೀಕನ ಹೆಸರು ಬರ್ಕೊಳ್ಳಿ, ಪೆನ್ನು ಅಲ್ಲೇ ನಿಂತಿದೆ.”

ಸಬ್ ಇನ್‌ಸ್ಪೆಕ್ಟರ್ ಎದ್ದು ಬಂದು ಕೆನ್ನೆಗೆ ಹೊಡೆದ. ಶಂಕರ ಗೋಡೆಗೆ ತಾಗಿ ನಿಂತ. ಚಿದಂಬರ ಹತ್ತಿರ ಬಂದು ಕನ್ನಡದಲ್ಲಿ ಹೇಳಿದರು, “ಶಂಕರ, ಹಟ ಮಾಡಬೇಡಪ್ಪ. ಜೈಲಾಗತ್ತೆ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ.”

“ನನ್ನ ಒಳ್ಳೇದು ಸಾಕು ಮಾಡಿ ಸರ್. ಎರಡು ಕೈ ಆಯ್ತು.” ಅವನು ಮುನ್ಷಿಯ ಕಡೆ ತಿರುಗಿದ. “ಭಯ್ಯಾ, ಅಪರಾಧ ನಂದು. ಪೂರ್ತಿ ಬರೀಬೇಕು ಅಂತ ನೀವೇ ಹೇಳಿದ್ರಿ.”

ಮತ್ತೆ ಏಟು ಬಿತ್ತು. ಈ ಸಲ ಅವನು ಬಿದ್ದ. ಎದ್ದು, ಒಂದೊಂದೇ ಮಾತನ್ನು ಮೊದಲಿನಿಂದ ಹೇಳಿದ. ಇನ್ನೊಂದು ಏಟು. ಇನ್ನೊಂದು ಸಲ ಮೊದಲಿನಿಂದ. ಹೊರಗೆ ಬೇರೆ ದೂರಿಗೆ ಬಂದು ಕಾಯುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ಕೈಯಿಲ್ಲದವನನ್ನು ಹೊಡೆಯುವುದನ್ನು ಅಷ್ಟು ಜನ ನೋಡುತ್ತಿದ್ದರು. ಸಬ್ ಇನ್‌ಸ್ಪೆಕ್ಟರ್ ಕೈ ಇಳಿಸಿದ.

“ಇಷ್ಟೆಲ್ಲ ಕೂಗಿದ ಅನ್ನೋದಕ್ಕೆ ಸಾಕ್ಷಿ ಯಾರು?” ಎಂದ ಸಿಟ್ಟಿನಿಂದ. “ಸಾಕ್ಷಿ ಇಲ್ಲ ಅಂದ್ರೆ ಗಾಜು ಅಂತ ಮಾತ್ರ ಬರ್ಕೋ.”

ಶಂಕರ ಅಪೂರ್ವಳನ್ನು ನೋಡಿದ. ಎಲ್ಲರೂ ನೋಡಿದರು.

“ಮೇಡಂ, ಕೇಳಿಸ್ಕೊಂಡಿದೀರಾ? ನಿಮ್ಮ ಹೆಸರು, ತಂದೆ ಹೆಸರು, ಮನೆ ವಿಳಾಸ ಹೇಳಿ,” ಎಂದ ಮುನ್ಷಿ.

ಅಪೂರ್ವ ಚಿದಂಬರರ ಕಡೆ ನೋಡಿದಳು. “ಹೆಸರು ಹಾಕ್ಲೇಬೇಕಾ?” ಎಂದಳು.

ಚಿದಂಬರ ಹೊರಗೆ ನಡೆದರು. ಅವಳು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅವರ ಹಿಂದೆ ಹೋದಳು. ಕಾರಿನ ಬಾಗಿಲು ಹಾಕಿದ ಸದ್ದು ಒಳಗೂ ಕೇಳಿಸಿತು.

ಸುಶೀಲಾ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದಳು. “ನನ್ನ ಹೆಸರು ಬರ್ಕೊಳ್ಳಿ.”

“ಹೆಂಡ್ತಿ ಸಾಕ್ಷಿಗೆ ತೂಕ ಇಲ್ಲಮ್ಮ,” ಎಂದ ಮುನ್ಷಿ.

“ಸಾಕ್ಷಿ ಅಂತ ಯಾರು ಹೇಳಿದ್ರು? ಆರೋಪಿ ಅಂತ ಬರ್ಕೊಳ್ಳಿ. ಮೈಕು ಹಿಡಿದೋಳು ನಾನು. ಅವರು ಕೂಗಿದ ಒಂದೊಂದು ಮಾತೂ ನನ್ನ ಅಪರಾಧನೇ. ಎಲ್ಲಿಂದ ಬೇಕು ಹೇಳಿ, ಜಾಲರಿಯಿಂದಲಾ?”

ಮುನ್ಷಿ ಸಬ್ ಇನ್‌ಸ್ಪೆಕ್ಟರನ ಮುಖ ನೋಡಿದ. ಅವನು ಕಿಟಕಿಯ ಕಡೆ ತಿರುಗಿಕೊಂಡಿದ್ದ. ಮುನ್ಷಿ ಶಂಕರನ ಹೆಸರಿನ ಕೆಳಗೆ ‘ಆರೋಪಿ ಎರಡು’ ಎಂದು ಹಾಕಿ, ಬರೆಯತೊಡಗಿದ.